ಮೆಟ್ಟಿಲಿಲ್ಲದ ಮನೆ

ನಮ್ಮ ಕುಂದಾಪುರದ ಕಡೆ ಒಂದು ಮನೆಯ ಅಂತಸ್ತನ್ನು ತಿಳಿಯಲು ಹಿಂದೆ ಸುಲಭವಾದ ಲೆಕ್ಕವಿತ್ತು. ಅಂಗಳದಿಂದ ಜಗುಲಿಗೆ ಎಷ್ಟು ಮೆಟ್ಟಿಲು ಎಂದು ಎಣಿಸಿದರೆ ಸಾಕು. ಕೋಟೇಶ್ವರದ ಪಡುದಿಕ್ಕಿಗೆ, ಸಮುದ್ರದಿಂದ ಮುಕ್ಕಾಲು ಕಿಲೋಮೀಟರು ದೂರದಲ್ಲಿದ್ದ ನಮ್ಮ ಅಜ್ಜನ ಮನೆಗೆ ನಾಲ್ಕು ಮೆಟ್ಟಿಲು. ನಾಲ್ಕೆಂದರೆ ತೀರಾ ದೊಡ್ಡಸ್ತಿಕೆಯೂ ಅಲ್ಲ, ತೀರಾ ಬಡತನವೂ ಅಲ್ಲ. 1954ರಲ್ಲಿ ಹದಿನಾರು ವರ್ಷದ ನನ್ನ ಅಮ್ಮ ಮದುಮಗಳಾಗಿ ಆ ನಾಲ್ಕು ಮೆಟ್ಟಿಲು ಹತ್ತಿ, ಬಲಗಾಲಿಟ್ಟು ಹೊಸ್ತಿಲು ದಾಟಿದಳು. ಮುಂದೆ ಅರುವತ್ತು ವರ್ಷ ನೀರಿನ ಕೊಡ, ಹುಲ್ಲಿನ ಹೊರೆ, ಸೊಂಟದ ಮೇಲೊಂದು ಮಗು ಇವನ್ನೆಲ್ಲ ಹೊತ್ತು ಅವನ್ನು ದಿನಕ್ಕೆ ಎಷ್ಟು ಸಲ ಹತ್ತಿಳಿದಳೋ ಲೆಕ್ಕವಿಟ್ಟವರಿಲ್ಲ.

2016ರ ಮಳೆಗಾಲದಲ್ಲಿ ನಡುಮನೆಗೂ ಅಡುಗೆಮನೆಗೂ ನಡುವಿನ ಹೊಸ್ತಿಲಿಗೆ ಕಾಲು ಎಡವಿ ಅಮ್ಮ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಶಸ್ತ್ರಕ್ರಿಯೆ ಆಯಿತು, ನೋವು ಇಳಿಯಿತು, ನಡಿಗೆ ಮಾತ್ರ ಮರಳಲಿಲ್ಲ. ಗಾಲಿಕುರ್ಚಿ ತಂದೆವು. ತಂದ ಮೇಲೆಯೇ ಗೊತ್ತಾದದ್ದು, ನಮ್ಮ ಮನೆಯೊಳಗೆ ಎಂಟು ಹೊಸ್ತಿಲುಗಳಿವೆ ಎಂದು. ನಾನು ಹುಟ್ಟಿ ಬೆಳೆದ ಮನೆ, ಅರುವತ್ತು ವರ್ಷ ಅದರಲ್ಲಿ ಓಡಾಡಿದ್ದೇನೆ. ಒಮ್ಮೆಯೂ ಅವನ್ನು ಎಣಿಸಿರಲಿಲ್ಲ. ಕುರ್ಚಿಗೆ ಚಕ್ರವಿದ್ದರೂ ಅಮ್ಮನಿಗೆ ಉಳಿದದ್ದು ಒಂದು ಕೋಣೆ, ಒಂದು ಕಿಟಕಿ.

ಆ ವರ್ಷವೇ ನೆಂಟರಲ್ಲೊಂದು ಮದುವೆ. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಇಬ್ಬರು ಹುಡುಗರು ಎತ್ತಿಕೊಂಡು ಮೆಟ್ಟಿಲಿಳಿಸಿ ಕಾರಿಗೆ ಹತ್ತಿಸಿದರು. ಸಂಜೆ ಅದೇ ರೀತಿ ಹೊತ್ತು ತಂದರು. ರಾತ್ರಿ ಗಂಜಿ ಕೊಡುವಾಗ ಅಮ್ಮ, "ಮನಿಯಿಂದ ಹೊತ್ಕಂಡ್ ಹೋಪುದ್ ಒಂದೇ ಸಲ ಸಾಕ್ ಮಗಾ" ಎಂದಳು. ಆಮೇಲೆ ಎರಡು ವರ್ಷ ಎಷ್ಟು ಕರೆದರೂ ಆಕೆ ಹೊರಗೆ ಬರಲಿಲ್ಲ.

ಹೊಸ ಮನೆ ಕಟ್ಟಬೇಕೆಂದು ನಾನು ನಿಶ್ಚಯಿಸಿದ್ದು ಆಗ. ನಾನು ಇಂಜಿನಿಯರನಲ್ಲ, ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದವನು. ಹಳೆಯದನ್ನು ಕೆಡಹುವ ಮುನ್ನ ಅದು ಹಾಗೆ ಏಕೆ ಇತ್ತು ಎಂದು ಕೇಳುವುದು ನನ್ನ ಚಾಳಿ. ಕೇಳುತ್ತಾ ಹೋದಂತೆ ನಮ್ಮ ಕರಾವಳಿಯ ಮನೆಯ ಕಥೆ ನಾನು ಮಕ್ಕಳಿಗೆ ಹೇಳಿಕೊಟ್ಟ ರಾಜರ ಕಥೆಗಿಂತ ಸ್ವಾರಸ್ಯದ್ದು ಎನಿಸಿತು.

ಮೊದಲು ಕಲ್ಲಿನ ಮಾತು. ನಮ್ಮಲ್ಲಿ ಗೋಡೆಯೆಂದರೆ ಮುರಕಲ್ಲು. ನೆಲದೊಳಗೆ ಇರುವಾಗ ಕೊಡಲಿಯಿಂದ ಕಡಿಯುವಷ್ಟು ಮೆತ್ತಗಿರುವ ಈ ಕೆಂಪು ಕಲ್ಲು ಗಾಳಿ ಬಿಸಿಲಿಗೆ ಬಂದ ಮೇಲೆ ಗಟ್ಟಿಯಾಗುತ್ತದೆ. ಟಿಪ್ಪು ಸುಲ್ತಾನನ ಪತನದ ನಂತರ, 1800-01ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರು, ಕನ್ನಡ ಜಿಲ್ಲೆ ಮತ್ತು ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಕಲ್ಲನ್ನು ಮಲಬಾರಿನ ಅಂಗಡಿಪುರಂನಲ್ಲಿ ಕಂಡು ಬೆರಗಾದ. 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ನಮ್ಮ ಕಲ್ಲುಕೋರೆಯವರು ತಲೆತಲಾಂತರದಿಂದ ಇಟ್ಟಿಗೆಯಂತೆ ಕಡಿದು ಕಟ್ಟುತ್ತಿದ್ದ ಕಲ್ಲು ಹೀಗೆ ಲೋಕದ ಭೂಗರ್ಭಶಾಸ್ತ್ರದ ಪುಸ್ತಕಗಳನ್ನು ಸೇರಿತು. ಗೋಡೆಗೆ ಬಳಿಯಲು ಸುಣ್ಣ ಬೇಕಿದ್ದರೆ ಹೊಳೆಯ ಚಿಪ್ಪು ಸುಡುತ್ತಿದ್ದರು. ಇಡೀ ಮನೆಯ ಸಾಮಾನು ಎತ್ತಿನಗಾಡಿ ಒಂದು ದಿನದಲ್ಲಿ ಹೋಗಿ ಬರುವಷ್ಟು ದೂರದೊಳಗೆ ಸಿಗುತ್ತಿತ್ತು. ಪರಿಸರಸ್ನೇಹಿ ಎಂದು ಇಂದು ನಾವು ಹೊಗಳುವ ಗುಣ ಅಂದಿನವರಿಗೆ ಬೇರೆ ದಾರಿಯಿಲ್ಲದ್ದರಿಂದ ಬಂದದ್ದು ಎಂಬುದನ್ನೂ ಒಪ್ಪಿಕೊಳ್ಳಬೇಕು.

ಮಾಡಿಗೆ ಹೆಚ್ಚಿನ ಮನೆಗಳಲ್ಲಿ ಮುಳಿಹುಲ್ಲು ಇಲ್ಲವೇ ತೆಂಗಿನ ಮಡಲು. ತಂಪೇನೋ ತಂಪು, ಆದರೆ ವರ್ಷವರ್ಷ ಹೊದೆಸಬೇಕು, ಒಂದು ಕಿಡಿ ಬಿದ್ದರೆ ಕೇರಿಯೇ ಬೂದಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಮತಾಂತರಗೊಂಡು ಕಸುಬು ಕಳೆದುಕೊಂಡವರಿಗೆ ಕೆಲಸ ಒದಗಿಸಲು ಹಲವು ಉದ್ಯಮಗಳನ್ನು ಪ್ರಯತ್ನಿಸಿದರು. ಅಚ್ಚುಕೂಟದ ಕೆಲಸಕ್ಕೆಂದು ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್ ಎಂಬವರು ನೇತ್ರಾವತಿ ದಂಡೆಯ ಜೇಡಿಯನ್ನು ಕಂಡು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹೂಡಿದರು. ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕೂರುವ ಈ ಹೆಂಚಿನ ಮೂಲ ಉಪಾಯ ಫ್ರಾನ್ಸಿನ ಅಲ್ಸೇಸ್ ಪ್ರಾಂತದ ಗಿಲಾರ್ಡೋನಿ ಸಹೋದರರದು. ಅದು ಇಲ್ಲಿಯ ಮಣ್ಣಿನಲ್ಲಿ ಬೆಂದು ಮಂಗಳೂರು ಹೆಂಚಾಯಿತು. ಒಂದೊಂದು ಹೆಂಚು ಎರಡರಿಂದ ಮೂರು ಕಿಲೋ ತೂಗುತ್ತದೆ. ಒಂದು ಒಡೆದರೆ ಅದೊಂದನ್ನೇ ಬದಲಿಸಬಹುದು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರಕಾರ ಮಿಷನ್ನಿನ ಕಾರ್ಖಾನೆಗಳನ್ನು ವಶಪಡಿಸಿಕೊಂಡಿತಾದರೂ, ಅಷ್ಟು ಹೊತ್ತಿಗೆ ವಿದ್ಯೆ ಊರವರ ಕೈಗೆ ಬಂದಿತ್ತು. ನಮ್ಮ ಕುಂದಾಪುರದ ಹೊಳೆದಂಡೆಗಳಲ್ಲೂ ಹೆಂಚಿನ ಕಾರ್ಖಾನೆಗಳ ಹೊಗೆಕೊಳವೆಗಳು ಎದ್ದವು. ಅಜ್ಜನ ಮನೆಯ ಮಾಡಿಗೆ ಹೆಂಚು ದೋಣಿಯಲ್ಲಿ ಬಂದದ್ದು ಎಂದು ಅಜ್ಜಿ ಹೇಳುತ್ತಿದ್ದಳು.

ಇನ್ನು ಮೆಟ್ಟಿಲು. ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಬೀಳುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿಯುವ ನೆಲ ಇದು. 1923 ಮತ್ತು 1974ರ ನೆರೆಗಳಲ್ಲಿ ನೇತ್ರಾವತಿ ಬಂಟ್ವಾಳದ ಪೇಟೆಯನ್ನೇ ನುಂಗಿತ್ತು. ಅಂಗಳದ ನೀರು ಒಳಗೆ ಬಾರದಿರಲು ಪಂಚಾಂಗ ಎತ್ತರವಿರಬೇಕು. ಹಾವು, ಕಪ್ಪೆ, ಎರಚಲು ತಡೆಯಲು ಹೊಸ್ತಿಲು ಬೇಕು. ನಾಲ್ಕೂ ಬದಿಗೆ ಮರವಿದ್ದರೆ ದಾರಂದ ಸೊಟ್ಟಗಾಗುವುದಿಲ್ಲ ಎಂಬುದು ಆಚಾರಿಗಳ ಮಾತು. ಇದೆಲ್ಲ ನಿಜ.

ಆದರೆ ಇಷ್ಟೇ ನಿಜವಲ್ಲ. ನೀರನ್ನು ತಡೆಯಲು ಒಂದೂವರೆ ಅಡಿ ಎತ್ತರ ಸಾಕಾಗುವಲ್ಲಿ ಮೂರಡಿ, ನಾಲ್ಕಡಿ ಏರಿಸಿದ ಮನೆಗಳಿದ್ದವು. ಆ ಹೆಚ್ಚಿನ ಎತ್ತರ ಮಳೆಗೆ ಕಟ್ಟಿದ್ದಲ್ಲ, ಮನುಷ್ಯರಿಗೆ ಕಟ್ಟಿದ್ದು. ನಾನು ಚಿಕ್ಕವನಿದ್ದಾಗ ಯಾರು ಜಗುಲಿಯ ಮೇಲೆ ಕೂರಬಹುದು, ಯಾರು ಕೆಳಗಿನ ಮೆಟ್ಟಿಲಿನಲ್ಲಿ ಕೂರಬೇಕು, ಯಾರು ಅಂಗಳದಲ್ಲಿ ನಿಲ್ಲಬೇಕು, ಯಾರು ತೋಟದ ದಣಪೆಯ ಆಚೆಯೇ ನಿಂತು ಕೂಗಬೇಕು ಎಂಬುದೆಲ್ಲ ಯಾರೂ ಹೇಳಿಕೊಡದೆ ಎಲ್ಲರಿಗೂ ಗೊತ್ತಿತ್ತು. ಗೇಣಿ ಅಕ್ಕಿ ತರುತ್ತಿದ್ದ ನಮ್ಮ ಒಕ್ಕಲಿನ ಹಿರಿಯರು ಮುಡಿಯನ್ನು ಜಗುಲಿಗೆ ಹೊತ್ತು ಹಾಕಿ, ತಿರುಗಿ ಕೆಳಗಿಳಿದು ಅಂಗಳದಲ್ಲಿ ನಿಂತು ಮಾತಾಡುತ್ತಿದ್ದರು. ಅಕ್ಕಿಗೆ ಜಗುಲಿಯಲ್ಲಿ ಜಾಗವಿತ್ತು, ಅದನ್ನು ಬೆಳೆದವರಿಗೆ ಇರಲಿಲ್ಲ. ನಾನು ಅದನ್ನು ನೋಡುತ್ತಲೇ ಬೆಳೆದೆ. ವಿಚಿತ್ರ ಎನಿಸಿರಲಿಲ್ಲ ಎಂದು ನಾಚಿಕೆಯಿಂದಲೇ ಬರೆಯಬೇಕು.

1974ರ ಭೂಸುಧಾರಣೆ ತಿದ್ದುಪಡಿಯ ಬಳಿಕ ಆ ಹಿರಿಯರು ಡಿಕ್ಲರೇಶನ್ ಕೊಟ್ಟರು, ಗದ್ದೆ ಅವರದಾಯಿತು. ಕೆಲವು ವರ್ಷಗಳಲ್ಲಿ ಅವರು ಮುರಕಲ್ಲಿನ ಮನೆ ಕಟ್ಟಿದರು. ಒಕ್ಕಲಿಗೆ ನಮ್ಮನ್ನೂ ಕರೆದಿದ್ದರು. ಅಪ್ಪ ಹೋಗಿ ಬಂದು ಸ್ವಲ್ಪ ಹೊತ್ತು ಸುಮ್ಮನಿದ್ದು, "ಐದು ಮೆಟ್ಟಿಲು ಇಟ್ಟಿದ್ದಾನೆ" ಎಂದರು. ನಮ್ಮದಕ್ಕಿಂತ ಒಂದು ಹೆಚ್ಚು. ಅವರಿಗೆ ಆ ಐದನೆಯ ಮೆಟ್ಟಿಲು ಎಷ್ಟು ಅಗತ್ಯದ್ದಾಗಿತ್ತು ಎಂದು ಈಗ ನನಗೆ ಅರ್ಥವಾಗುತ್ತದೆ.

ಅಪ್ಪನೂ ಸುಮ್ಮನಿರಲಿಲ್ಲ. ಸಿಮೆಂಟಿಗೆ ಪರ್ಮಿಟ್ಟು ಬೇಕಿದ್ದ ಕಾಲ ಅದು. 1982ರಲ್ಲಿ ನಿಯಂತ್ರಣ ಸಡಿಲವಾಗಿ ಸಿಮೆಂಟು ಪೇಟೆಯಲ್ಲಿ ಸಿಗತೊಡಗಿತು. ಬೊಂಬಾಯಿಯಲ್ಲಿ ಹೋಟೆಲಿಟ್ಟಿದ್ದ ಚಿಕ್ಕಪ್ಪ ಹಣ ಕಳಿಸಿದರು. 1986ರಲ್ಲಿ ಮನೆಯ ಮುಂಭಾಗದ ಹೆಂಚು ಇಳಿದು ತಾರಸಿ ಬಂತು. ಹೊಳೆಯ ಹೊಯಿಗೆ ದುಬಾರಿಯೆಂದು ಕಡಲಕರೆಯ ಹೊಯಿಗೆಯನ್ನೇ ತೊಳೆದು ಬಳಸಿದರು. ಉಪ್ಪು ಅಷ್ಟು ಸುಲಭವಾಗಿ ಹೋಗುವ ಪದಾರ್ಥವಲ್ಲ. ಹೊಯಿಗೆಯಲ್ಲಿದ್ದ ಉಪ್ಪು ಒಳಗಿನಿಂದ, ಕಡಲ ಗಾಳಿಯ ಉಪ್ಪು ಹೊರಗಿನಿಂದ ಕಬ್ಬಿಣದ ಸರಳನ್ನು ಹಿಡಿಯಿತು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಜಾಗ ಸಿಗದಾಗ ಸುತ್ತಲಿನ ಕಾಂಕ್ರೀಟನ್ನು ಒಡೆಯುತ್ತದೆ. ಇಪ್ಪತ್ತು ವರ್ಷ ತುಂಬುವಷ್ಟರಲ್ಲಿ ತಾರಸಿಯ ಅಡಿಯಿಂದ ಹಕ್ಕಳೆ ಹಕ್ಕಳೆಯಾಗಿ ಉದುರತೊಡಗಿತು. ಹಿಂಭಾಗದಲ್ಲಿ ಅಜ್ಜನ ಹೆಂಚಿನ ಮಾಡು ಮಾತ್ರ ಹಾಗೆಯೇ ನಿಂತಿತ್ತು.

ಹೊಸ ಮನೆಗೆಂದು ಇಂಜಿನಿಯರ್ ಒಬ್ಬರು ಮೊದಲು ಬರೆದುಕೊಟ್ಟ ನಕ್ಷೆಯಲ್ಲಿ ಎರಡು ಅಂತಸ್ತು, ಪಡುದಿಕ್ಕಿಗೆ ಆಳೆತ್ತರದ ಗಾಜು, ಎದುರಿಗೆ ಆರು ಮೆಟ್ಟಿಲುಗಳಿದ್ದವು. ಕಡಲು ಕಾಣಲೆಂದು ಗಾಜು ಎಂದರು. ಕಡಲಿಗೂ ನಾವು ಕಾಣುತ್ತೇವಲ್ಲ ಎಂದೆ. ಆಟಿ ತಿಂಗಳ ಪಡುಗಾಳಿ ಮಳೆಯನ್ನು ಅಡ್ಡಡ್ಡ ತಂದು ಬಡಿಯುವ ಊರಿನಲ್ಲಿ ಹಿರಿಯರು ಪಡುಗೋಡೆಗೆ ಗಿಳಿಬಾಗಿಲು ಮಾತ್ರ ಇಡುತ್ತಿದ್ದರು, ಮಳೆಗಾಲಕ್ಕೆ ಅದರ ಮುಂದೆ ಮಡಲ ತಟ್ಟಿ ಕಟ್ಟುತ್ತಿದ್ದರು. 1991ರ ಕರಾವಳಿ ನಿಯಂತ್ರಣ ಅಧಿಸೂಚನೆ ಭರತದ ಗೆರೆಯಿಂದ 500 ಮೀಟರಿನೊಳಗೆ ಕಟ್ಟುವುದಕ್ಕೆ ಕಡಿವಾಣ ಹಾಕಿದಾಗ ಬಹಳ ಜನ ಗೊಣಗಿದ್ದರು. ನಮ್ಮ ಅಜ್ಜಂದಿರು ಅಧಿಸೂಚನೆ ಇಲ್ಲದೆಯೇ ಕಡಲಿಗೆ ಬೆನ್ನು ಹಾಕಿ, ತೆಂಗಿನ ತೋಟವನ್ನು ನಡುವೆ ಬಿಟ್ಟು ಕಟ್ಟಿಕೊಂಡಿದ್ದರು.

ಆ ನಕ್ಷೆಯನ್ನು ಬದಿಗಿಟ್ಟು, ನಮ್ಮೂರ ಹಿರಿಯ ಮೇಸ್ತ್ರಿಯವರನ್ನು ಕರೆಸಿದೆ. "ಹಳೆ ಮನೆಯ ಮಾಡು ಬೇಕು, ಮೆಟ್ಟಿಲು ಬೇಡ" ಎಂದೆ. ಅವರು ನಕ್ಕು, "ಮಾಷ್ಟ್ರೆ, ಮೆಟ್ಲ್ ಇಲ್ದಿರೆ ನೀರ್ ಒಳ್ಗ್ ಬತ್ತಲೆ?" ಎಂದರು. ಇಡೀ ಪ್ರಶ್ನೆ ಅದೇ ಆಗಿತ್ತು. ನೀರನ್ನು ಹೊರಗಿಟ್ಟು ಮನುಷ್ಯರನ್ನು ಒಳಗೆ ಬಿಡುವುದು ಹೇಗೆ?

ಅದರ ಉತ್ತರ ಅಷ್ಟೇನೂ ಕಷ್ಟದ್ದಲ್ಲ. ಒಂದಡಿ ಏರಲು ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು ಎಂಬುದು ಎಲ್ಲ ಕಡೆ ಒಪ್ಪಿದ ಪ್ರಮಾಣ. ವಿಶ್ವಸಂಸ್ಥೆ 1981ನ್ನು ಅಂಗವಿಕಲರ ವರ್ಷವೆಂದು ಸಾರಿತ್ತು. ನಮ್ಮ ದೇಶದಲ್ಲಿ 1995ರಲ್ಲಿ ಒಂದು ಕಾನೂನು, 2016ರಲ್ಲಿ ಅದಕ್ಕಿಂತ ವಿಸ್ತಾರವಾದ ಇನ್ನೊಂದು ಬಂತು. ಅವು ಮುಖ್ಯವಾಗಿ ಕಚೇರಿ, ಶಾಲೆ, ಬಸ್ಸು, ರೈಲುಗಳಂಥ ಸಾರ್ವಜನಿಕ ಜಾಗಗಳ ಮಾತನ್ನು ಆಡುತ್ತವೆ. ಸ್ವಂತ ಮನೆಯ ಹೊಸ್ತಿಲು ಮಾತ್ರ ಅವರವರ ವಿವೇಕಕ್ಕೆ ಬಿಟ್ಟದ್ದು. ನಾವು ಪಂಚಾಂಗವನ್ನು ಒಂದೂವರೆ ಅಡಿಗೆ ನಿಲ್ಲಿಸಿದೆವು. ಹಾಗಾದರೆ ಇಳಿಜಾರು ಹದಿನೆಂಟು ಅಡಿ. ಮೂಡುಗೋಡೆಯ ಉದ್ದಕ್ಕೆ, ಮಾಡಿನ ಅಡಿಯಲ್ಲೇ, ನಾಲ್ಕಡಿ ಅಗಲಕ್ಕೆ ಅದನ್ನು ಹಾಯಿಸಿದೆವು. ಮಳೆ ಬಿದ್ದರೆ ಪಾಚಿ ಹಿಡಿದು ಜಾರುತ್ತದೆಂದು ನುಣ್ಣನೆಯ ಟೈಲು ಬಿಟ್ಟು ಒರಟು ಶಿಲೆಗಲ್ಲು ಹಾಸಿದೆವು. ಇಳಿಜಾರು ಮುಗಿಯುವಲ್ಲಿ ಐದಡಿ ಚೌಕದ ಸಮತಟ್ಟು, ಗಾಲಿಕುರ್ಚಿ ತಿರುಗಲು ಅಷ್ಟು ಬೇಕು. ಬಾಗಿಲ ಮುಂದೆ ಅಡ್ಡಲಾಗಿ ಒಂದು ಕಣಿ ತೋಡಿ ಮೇಲೆ ತೂತಿನ ಕಲ್ಲು ಮುಚ್ಚಿದೆವು. ಎರಚಲಿನ ನೀರು ಬಾಗಿಲಿಗೆ ಬರುವ ಮುನ್ನ ಆ ಕಣಿಗೆ ಇಳಿದು ಹೋಗುತ್ತದೆ. ಹೊಸ್ತಿಲು ಮಾಡುತ್ತಿದ್ದ ಕೆಲಸವನ್ನು ಮಾಡಿನ ನಾಲ್ಕಡಿ ಚಾಚು ಮತ್ತು ಆ ಕಣಿ ಹಂಚಿಕೊಂಡವು.

ಬಾಗಿಲುಗಳೆಲ್ಲ ಮೂರಡಿ ಅಗಲ. ಬಚ್ಚಲಿಗೆ ಕಟ್ಟೆಯಿಲ್ಲ, ನೆಲವೇ ಒಂದು ಮೂಲೆಗೆ ಸ್ವಲ್ಪ ವಾಲಿದೆ. ಹಿಡಿದುಕೊಳ್ಳಲು ಗೋಡೆಗೆ ಕಂಬಿಗಳಿವೆ. ಸಾದಾ ಕಬ್ಬಿಣ ನಮ್ಮಲ್ಲಿ ಎರಡು ಮಳೆಗಾಲ ತಾಳುವುದಿಲ್ಲವೆಂದು ತುಕ್ಕು ಹಿಡಿಯದ ಉಕ್ಕಿನವನ್ನೇ ಹಾಕಿಸಿದೆ. ಗೋಡೆಗೆ ಹಳೆ ಮನೆಯ ಮುರಕಲ್ಲನ್ನೇ ಕೆತ್ತಿ ಬಳಸಿದೆವು, ಮಾಡಿಗೆ ಹಳೆಯ ಹಲಸು ಮತ್ತು ಬೋಗಿ ಮರದ ತೊಲೆ ಪಕ್ಕಾಸುಗಳು ಬಂದವು. ಒಡೆದ ಹೆಂಚುಗಳೂ ವ್ಯರ್ಥವಾಗಲಿಲ್ಲ. ಇಂಗ್ಲೆಂಡಿನಲ್ಲಿ ಹುಟ್ಟಿ 1945ರಲ್ಲಿ ಕುಷ್ಠರೋಗಿಗಳ ಆಸ್ಪತ್ರೆಗಳ ಕೆಲಸಕ್ಕೆಂದು ಭಾರತಕ್ಕೆ ಬಂದು, 2007ರಲ್ಲಿ ತೀರಿಕೊಳ್ಳುವ ತನಕ ತಿರುವನಂತಪುರದಲ್ಲಿ ಬಾಳಿದ ಲಾರಿ ಬೇಕರ್ ಒಂದು ಉಪಾಯ ತೋರಿಸಿದ್ದರು. ತಾರಸಿಯ ಕೆಳಭಾಗದ ಕಾಂಕ್ರೀಟು ಹೆಚ್ಚಿನ ಭಾರ ಹೊರುವುದಿಲ್ಲ. ಅಲ್ಲಿ ಸರಳುಗಳ ನಡುವೆ ಹಳೆ ಹೆಂಚು ಇಟ್ಟರೆ ಸಿಮೆಂಟೂ ಉಳಿಯುತ್ತದೆ, ಸೆಖೆಯೂ ತಗ್ಗುತ್ತದೆ. ಅಡುಗೆಮನೆಯ ಮೇಲಿನ ಚಿಕ್ಕ ತಾರಸಿಯನ್ನು ನಾವು ಹಾಗೆ ಮಾಡಿದೆವು, ಹೊಳೆಯ ಹೊಯಿಗೆಯಿಂದಲೇ.

ಮಾಡಿನ ನೀರನ್ನು ಸೋಸಿ ಬಾವಿಯ ಪಕ್ಕದ ಇಂಗುಗುಂಡಿಗೆ ಬಿಟ್ಟಿದ್ದೇವೆ. ಸಾವಿರ ಚದರಡಿಯ ಮಾಡಿನ ಮೇಲೆ ನಮ್ಮ ಮಳೆಗಾಲದಲ್ಲಿ ಮೂರೂವರೆ ಲಕ್ಷ ಲೀಟರು ಬೀಳುತ್ತದೆ. ಕಡಲ ಬಳಿಯ ನೆಲದೊಳಗೆ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಸಮುದ್ರಮಟ್ಟಕ್ಕಿಂತ ಒಂದಡಿ ಮೇಲೆ ಸಿಹಿನೀರು ನಿಂತರೆ ಕೆಳಗೆ ಸುಮಾರು ನಲವತ್ತು ಅಡಿಯವರೆಗೆ ಅದು ಉಪ್ಪನ್ನು ಒತ್ತಿ ಹಿಡಿಯಬಲ್ಲುದು. ಪಂಪು ಹಾಕಿ ಎಳೆದರೆ ಉಪ್ಪು ಮೇಲೇರುತ್ತದೆ. ನಮ್ಮ ಬಾವಿ ಮೇ ತಿಂಗಳಲ್ಲಿ ಸವಳಾಗುವುದು ಈಚೆಗೆ ನಿಂತಿದೆ.

ಎಲ್ಲಕ್ಕೂ ಒಪ್ಪಿದ ಅಮ್ಮ ಒಂದಕ್ಕೆ ಮಾತ್ರ ಒಪ್ಪಲಿಲ್ಲ. "ಹೊಸ್ತಿಲ್ ಇಲ್ದಿದ್ ಮನಿ ಮನಿಯಾ? ಹೊಸ್ತಿಲಜ್ಜಿ ಎಲ್ ಕೂಕಂಬುದ್?" ಎಂದು ಕೇಳಿದಳು. ನಮ್ಮ ಕಡೆ ಸೋಣೆ ತಿಂಗಳಿಡೀ ಹೆಂಗಸರು ಹೊಸ್ತಿಲಿಗೆ ರಂಗೋಲಿ ಬರೆದು ಹೂವಿಟ್ಟು ಹೊಸ್ತಿಲಜ್ಜಿಯನ್ನು ಪೂಜಿಸುತ್ತಾರೆ. ತನ್ನನ್ನು ಕೆಡವಿದ ಹೊಸ್ತಿಲಿನ ಮೇಲೆ ಅಮ್ಮನಿಗೆ ಕೋಪವಿರಲಿಲ್ಲ. ಇತಿಹಾಸ, ಇಳಿಜಾರು ಎಂದು ಭಾಷಣ ಮಾಡುತ್ತಿದ್ದ ನನ್ನ ಬಳಿ ಇದಕ್ಕೆ ಉತ್ತರವಿರಲಿಲ್ಲ. ಉತ್ತರ ಕೊಟ್ಟವರು ಆಚಾರಿಗಳು. ಹಳೆಯ ಹೆಬ್ಬಾಗಿಲಿನ ಹಲಸಿನ ಹೊಸ್ತಿಲನ್ನು ಅವರು ಕಿತ್ತು ತಂದು, ನೆಲದಲ್ಲಿ ಅದರ ಅಳತೆಗೆ ತೋಡಿ, ಮೇಲ್ಮೈ ನೆಲಕ್ಕೆ ಸಮವಾಗುವಂತೆ ಹುಗಿದರು. ಅಜ್ಜಿಯೂ ಇದ್ದಳು, ಚಕ್ರಕ್ಕೂ ದಾರಿಯಾಯಿತು.

2019ರ ಮೇ ತಿಂಗಳಲ್ಲಿ ಒಕ್ಕಲಾದೆವು. ಅಮ್ಮ ತಾನೇ ಚಕ್ರ ತಿರುಗಿಸಿಕೊಂಡು ಇಳಿಜಾರು ಏರಿ, ಹೊಸ್ತಿಲಿನ ಮುಂದೆ ಒಂದು ಕ್ಷಣ ನಿಂತು, ಕುರ್ಚಿಯಿಂದಲೇ ಬಲಗಾಲನ್ನು ಚಾಚಿ ಅದಕ್ಕೆ ಮುಟ್ಟಿಸಿ ಒಳಗೆ ಬಂದಳು. ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವಳು ಅಂಗಳದಲ್ಲಿದ್ದಳು, ತುಳಸಿಕಟ್ಟೆಯ ಬಳಿ. ಮೂರು ವರ್ಷದ ಬಳಿಕ ಅವಳೊಬ್ಬಳೇ ಅಂಗಳಕ್ಕೆ ಬಂದದ್ದು ಅಂದು.

ಆ ವರ್ಷವೇ ಒಂದು ದಿನ ನಮ್ಮ ಹಳೆಯ ಒಕ್ಕಲಿನ ಹಿರಿಯರ ಮಗ ಬಂದು ಇಳಿಜಾರಿನ ಅಳತೆ ಕೇಳಿದ. ಅವನ ಅಪ್ಪನಿಗೆ ತೊಂಬತ್ತು ಸಮೀಪಿಸಿತ್ತು. ಐದು ಮೆಟ್ಟಿಲಿನ ಮೇಲೆ ಕೂತವರು ಕೆಳಗಿಳಿಯಲಾಗದೆ ವರ್ಷವಾಗಿತ್ತು. ನಾನು ಟೇಪು ಹಿಡಿದು ಹೋದೆ. ಅವರ ಜಗುಲಿ ಎರಡೂವರೆ ಅಡಿ. ಮೂವತ್ತು ಅಡಿ ಇಳಿಜಾರು ಬೇಕು, ನಡುವೆ ಒಂದು ಸಮತಟ್ಟು. ಮೆಟ್ಟಿಲು ಕೀಳಬೇಡಿ, ಬದಿಯಿಂದ ತಿರುಗಿಸಿ ತನ್ನಿ ಎಂದೆ. ಹಿರಿಯರು ಎಲ್ಲ ಕೇಳಿಸಿಕೊಂಡು, "ಮೆಟ್ಲ್ ಇರ್ಲಿ ಮಾಷ್ಟ್ರೆ, ಕಾಂಬುಕೆ ಚಂದ" ಎಂದು ನಕ್ಕರು. ಆ ಇಳಿಜಾರು ಮುಗಿದ ಮೇಲೆ ಅವರೂ ಅಮ್ಮನೂ ಒಂದು ಸಂಜೆ ನಮ್ಮ ಜಗುಲಿಯಲ್ಲಿ, ಒಂದೇ ಎತ್ತರದಲ್ಲಿ ಕೂತು ಚಹಾ ಕುಡಿದರು. ಅರುವತ್ತು ವರ್ಷ ಒಬ್ಬರನ್ನೊಬ್ಬರು ಬಲ್ಲವರು. ಹಾಗೆ ಕೂತದ್ದು ಅದೇ ಮೊದಲು.

2023ರ ಮಳೆಗಾಲದಲ್ಲಿ ಅಮ್ಮ ತೀರಿಕೊಂಡಳು. ಅವಳು ಹೇಳಿದಂತೆ ಹೊಸ ಮನೆಯಿಂದ ನಾವು ಅವಳನ್ನು ಹೊತ್ತುಕೊಂಡು ಹೋದದ್ದು ಒಂದೇ ಸಲ.

ಸೋಣೆಯಲ್ಲಿ ಈಗ ನನ್ನ ಸೊಸೆ ಹೊಸ್ತಿಲಿಗೆ ಹೂವಿಡುತ್ತಾಳೆ. ನನಗೂ ಬಲ ಮೊಣಕಾಲು ಮಾತು ಕೇಳುತ್ತಿಲ್ಲ. ಇಳಿಜಾರಿನಲ್ಲಿ ಗ್ಯಾಸಿನ ಹುಡುಗ ಸಿಲಿಂಡರು ಉರುಳಿಸಿಕೊಂಡು ಬರುತ್ತಾನೆ, ಮೊಮ್ಮಗ ಸೈಕಲು ಬಿಡುತ್ತಾನೆ. ಮೊನ್ನೆ ಅವನು, "ಅಜ್ಜ, ಬೇರೆ ಮನೆಗಳಿಗೆಲ್ಲ ಯಾಕೆ ಮೆಟ್ಟಿಲು ಇದೆ?" ಎಂದು ಕೇಳಿದ. ಅದು ದೊಡ್ಡ ಕಥೆ, ರಾತ್ರಿ ಹೇಳುತ್ತೇನೆ ಎಂದೆ.